ಹಲಾಲ್ ಕೇಳುವ ನಾವು ತಯ್ಯಿಬ್ ಮರೆತೆವೇ?

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು (ಸಿಬಿಎಸ್‌ಇ) 2025ರ ಮೇ ತಿಂಗಳಲ್ಲಿ ತನ್ನ ವ್ಯಾಪ್ತಿಯ ಶಾಲೆಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಪ್ರತಿಯೊಂದು ಶಾಲೆಯೂ ‘ಸಕ್ಕರೆ ಫಲಕ’ವನ್ನು ಸ್ಥಾಪಿಸಬೇಕು, ದಿನಕ್ಕೆ ಎಷ್ಟು ಸಕ್ಕರೆ ಸಾಕು, ತಂಪು ಪಾನೀಯ ಮತ್ತು ಕುರುಕಲು ತಿಂಡಿಗಳಲ್ಲಿ ಎಷ್ಟು ಸಕ್ಕರೆಯಿದೆ, ಅತಿಯಾದರೆ ಆಗುವ ಹಾನಿಯೇನು, ಬದಲಿಗೆ ಏನನ್ನು ತಿನ್ನಬಹುದು ಎಂಬುದನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿಡಬೇಕು ಎಂಬುದು ಅದರ ಸಾರ. ಆ ಸುತ್ತೋಲೆಯ ಪ್ರಕಾರ 4ರಿಂದ 10 ವರ್ಷದ ಮಕ್ಕಳು ಸೇವಿಸುವ ಒಟ್ಟು ಕ್ಯಾಲೊರಿಯಲ್ಲಿ 13 ಶೇಕಡಾ, 11ರಿಂದ 18 ವರ್ಷದವರಲ್ಲಿ 15 ಶೇಕಡಾ ಸಕ್ಕರೆಯಿಂದಲೇ ಬರುತ್ತಿದೆ. ಇರಬೇಕಾದುದು ಕೇವಲ 5 ಶೇಕಡಾ. ಒಂದು ಕಾಲದಲ್ಲಿ ನಡುವಯಸ್ಸಿನವರ ಕಾಯಿಲೆ ಎನಿಸಿದ್ದ ಟೈಪ್-2 ಮಧುಮೇಹವು ಮಕ್ಕಳಲ್ಲಿಯೂ ಹೆಚ್ಚುತ್ತಿರುವುದೇ ಮಂಡಳಿಯ ಈ ಕಳವಳಕ್ಕೆ ಕಾರಣ.

ಈ ಕ್ರಮ ಸ್ವಾಗತಾರ್ಹ. ಆದರೆ ಮಗುವಿನ ನಾಲಗೆಯ ರುಚಿ ನಿರ್ಧಾರವಾಗುವುದು ಶಾಲೆಯ ಗೋಡೆಯ ಮುಂದೆ ಅಲ್ಲ. ಅಕ್ಷರ ಕಲಿಯುವ ಮೊದಲೇ ಅದು ಮನೆಯ ಅಡುಗೆಕೋಣೆಯಲ್ಲಿ ನಿರ್ಧಾರವಾಗಿರುತ್ತದೆ. ಆದ್ದರಿಂದ ನಮ್ಮ ಮನೆಗಳ ಕುರಿತು ನಾವು ಸ್ವಲ್ಪ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಆಹಾರದ ವಿಷಯದಲ್ಲಿ ಎಚ್ಚರಿಕೆ ನಮ್ಮ ಸಮುದಾಯಕ್ಕೆ ಹೊಸದಲ್ಲ. ಚಾಕಲೇಟಿನ ಹೊದಿಕೆಯನ್ನು ತಿರುಗಿಸಿ, ಅದರಲ್ಲಿ ಜೆಲಾಟಿನ್ ಇದೆಯೇ, ಯಾವ ಇ-ನಂಬರು ಇದೆ ಎಂದು ಹುಡುಕುವ ತಾಯಂದಿರು ನಮ್ಮಲ್ಲಿದ್ದಾರೆ. ‘ಇದು ಹಲಾಲಾ, ಉಮ್ಮಾ?’ ಎಂದು ಐದು ವರ್ಷದ ಮಗು ಕೇಳುತ್ತದೆ. ಇದು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಅದೇ ಹೊದಿಕೆಯ ಮೇಲೆ ಮುದ್ರಿತವಾದ ಸಕ್ಕರೆಯ ಪ್ರಮಾಣದ ಮೇಲೆ ನಮ್ಮ ದೃಷ್ಟಿ ನಿಲ್ಲುವುದಿಲ್ಲ. ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಮನುಷ್ಯರನ್ನು ಸಂಬೋಧಿಸುವಾಗ ಹಲಾಲ್ ಮತ್ತು ತಯ್ಯಿಬ್ ಎಂಬ ಎರಡು ಗುಣಗಳನ್ನು ಜೊತೆಯಾಗಿ ಹೇಳಿದೆ. ಮೊದಲನೆಯದು ಅನುಮತಿ, ಎರಡನೆಯದು ಶುದ್ಧಿ, ಉತ್ತಮಿಕೆ. ನಾವು ಮಕ್ಕಳಿಗೆ ಮೊದಲನೆಯದನ್ನು ಕಲಿಸಿದೆವು. ಎರಡನೆಯದನ್ನು ಅಂಗಡಿಯವನಿಗೂ ಜಾಹೀರಾತಿಗೂ ಒಪ್ಪಿಸಿಬಿಟ್ಟೆವು.

ಸಕ್ಕರೆ ಹರಾಮಲ್ಲ. ಹರಾಮ್ ಎಂದು ಮಕ್ಕಳನ್ನು ಬೆದರಿಸುವುದೂ ತಪ್ಪು. ಪ್ರವಾದಿ(ಸ)ರಿಗೆ ಸಿಹಿ ಮತ್ತು ಜೇನು ಪ್ರಿಯವಾಗಿತ್ತೆಂದು ಹದೀಸ್‌ಗಳಲ್ಲಿದೆ. ಆದರೆ ಅವರ ಮನೆಯಲ್ಲಿ ಒಲೆ ಉರಿಯದೆ, ಖರ್ಜೂರ ಮತ್ತು ನೀರಿನಲ್ಲೇ ದಿನಗಳು ಕಳೆಯುತ್ತಿದ್ದವೆಂದೂ ಅದೇ ಹದೀಸ್ ಗ್ರಂಥಗಳು ಹೇಳುತ್ತವೆ. ಅಲ್ಲಿ ಸಿಹಿಯೆಂಬುದು ಅಪರೂಪದ ಅನುಗ್ರಹವಾಗಿತ್ತು. ಇಂದು ಅನೇಕ ಮನೆಗಳಲ್ಲಿ ಅದು ಪ್ರತಿ ಎರಡು ಗಂಟೆಗೊಮ್ಮೆಯ ಅಭ್ಯಾಸವಾಗಿದೆ. ಬೆಳಿಗ್ಗೆ ಹಾಲಿಗೆ ಮಾಲ್ಟ್ ಪುಡಿ, ಬುತ್ತಿಯಲ್ಲಿ ಕ್ರೀಮ್ ಬಿಸ್ಕತ್ತು, ಮದ್ರಸ ಬಿಟ್ಟೊಡನೆ ಎದುರಿನ ಅಂಗಡಿಯ ಮಿಠಾಯಿ, ಸಂಜೆ ಸಿಹಿ ಚಹಾ, ಅತಿಥಿಗಳು ಬಂದರೆ ತಂಪು ಪಾನೀಯ. ಗಲ್ಫ್‌ನಿಂದ ತಂದೆಯೋ ಮಾವನೋ ಬಂದರೆಂದರೆ ಪೆಟ್ಟಿಗೆ ತೆರೆಯುವ ಮೊದಲೇ ಮಕ್ಕಳು ಚಾಕಲೇಟಿಗಾಗಿ ಸುತ್ತುವರಿಯುತ್ತಾರೆ. ವರ್ಷಗಟ್ಟಲೆ ದೂರವಿದ್ದ ತಂದೆಯ ಪ್ರೀತಿಗೆ ಅದಕ್ಕಿಂತ ಸುಲಭವಾದ ಭಾಷೆ ಸಿಗದಿರುವುದು ಅರ್ಥವಾಗುವ ಮಾತೇ. ಆದರೆ ಅಳು ನಿಲ್ಲಿಸಲು ಮಿಠಾಯಿ, ಔಷಧಿ ಕುಡಿಸಲು ಮಿಠಾಯಿ, ಸೂರಃ ಕಂಠಪಾಠ ಮಾಡಿದ್ದಕ್ಕೂ ಮಿಠಾಯಿ ಎಂದಾಗ, ಪ್ರೀತಿಗೂ ಪ್ರಶಂಸೆಗೂ ಸಕ್ಕರೆಯೇ ನಾಣ್ಯವೆಂದು ನಾವೇ ಮಗುವಿಗೆ ಪಾಠ ಹೇಳಿಕೊಟ್ಟಂತಾಯಿತು.

ಇದರ ಬೆಲೆ ತೆರುವುದು ಅದೇ ಮಗು. ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲಿತ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿದೆ. ಬ್ರಿಟನ್ನಿನ ಅನುಭವ ಇನ್ನಷ್ಟು ಕಣ್ತೆರೆಸುವಂಥದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಜಾರಿಗೆ ಬಂದ ಸಕ್ಕರೆಯ ಪಡಿತರ 1953ರಲ್ಲಿ ಕೊನೆಗೊಂಡಿತು. ಬಳಿಕ ಸಕ್ಕರೆಯ ಬಳಕೆ ಬಹುತೇಕ ಇಮ್ಮಡಿಯಾಯಿತು. ಆ ಗಡುವಿನ ಹಿಂದುಮುಂದಿನ ವರ್ಷಗಳಲ್ಲಿ ಹುಟ್ಟಿದವರನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾಯಿಯ ಗರ್ಭದಲ್ಲಿ ಮತ್ತು ಶೈಶವದಲ್ಲಿ ಪಡಿತರದ ಕಾಲವನ್ನು ಕಂಡವರಿಗೆ ನಡುವಯಸ್ಸಿನ ನಂತರ ಟೈಪ್-2 ಮಧುಮೇಹ ಬರುವ ಸಾಧ್ಯತೆ ಸುಮಾರು 35 ಶೇಕಡಾ, ಅಧಿಕ ರಕ್ತದೊತ್ತಡದ ಸಾಧ್ಯತೆ ಸುಮಾರು 20 ಶೇಕಡಾ ಕಡಿಮೆಯಿತ್ತು. ಶೈಶವದಲ್ಲಿ ಬಾಯಿಗೆ ಹಾಕಿದ್ದಕ್ಕೆ ದೇಹವು ಐದು ದಶಕಗಳ ನಂತರ ಲೆಕ್ಕ ಕೇಳುತ್ತದೆ ಎಂದಾಯಿತು. ಎರಡು ವರ್ಷ ತುಂಬದ ಮಕ್ಕಳಿಗೆ ಸಕ್ಕರೆ ಬೆರೆತ ಪಾನೀಯಗಳನ್ನು ಕೊಡಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದು ಸುಮ್ಮನೆ ಅಲ್ಲ.

ಹಾಗೆಂದು ತಾಯಂದಿರನ್ನಷ್ಟೇ ದೂರುವುದು ಅನ್ಯಾಯವಾದೀತು. ಮಾಲ್ಟ್ ಪಾನೀಯಗಳನ್ನು ‘ಆರೋಗ್ಯ ಪೇಯ’ವೆಂದು ನಂಬಿಸಿದ್ದು ಯಾರು? ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂತಹ ಒಂದು ವರ್ಗವೇ ಇಲ್ಲವೆಂದು ಒಪ್ಪಿಕೊಂಡು, ಅಂತರ್ಜಾಲ ಮಾರಾಟಗಾರರು ಆ ಹೆಸರನ್ನು ಕೈಬಿಡಬೇಕೆಂದು ಕೇಂದ್ರ ಸರಕಾರ ಸೂಚಿಸಿದ್ದು 2024ರ ಎಪ್ರಿಲ್‌ನಲ್ಲಿ. ಅಷ್ಟರಲ್ಲಿ ಒಂದೆರಡು ತಲೆಮಾರು ಆ ಪುಡಿಯನ್ನು ಕುಡಿದೇ ಬೆಳೆದಿತ್ತು. ಅದೇ ತಿಂಗಳಲ್ಲಿ ಸ್ವಿಟ್ಸರ್‌ಲ್ಯಾಂಡಿನ ‘ಪಬ್ಲಿಕ್ ಐ’ ಸಂಸ್ಥೆ ಇನ್ನೊಂದು ಸತ್ಯವನ್ನು ಬಯಲಿಗೆ ತಂದಿತು. ಯುರೋಪಿನಲ್ಲಿ ಸಕ್ಕರೆ ಸೇರಿಸದೆ ಮಾರುವ ಶಿಶು ಆಹಾರವನ್ನು ಬಹುರಾಷ್ಟ್ರೀಯ ಕಂಪೆನಿಯೊಂದು ಭಾರತದಲ್ಲಿ ಪ್ರತಿ ಬಡಿಸುವಿಕೆಗೆ ಸರಾಸರಿ ಸುಮಾರು ಮೂರು ಗ್ರಾಂ ಸಕ್ಕರೆ ಸೇರಿಸಿ ಮಾರುತ್ತಿತ್ತು. ಬಡ ದೇಶದ ಕೂಸಿನ ನಾಲಗೆಗೆ ಒಂದು ನ್ಯಾಯ, ಶ್ರೀಮಂತ ದೇಶದ ಕೂಸಿಗೆ ಇನ್ನೊಂದು!

ಸರಕಾರದ ಇಬ್ಬಂದಿ ನೀತಿಯೂ ಇಲ್ಲಿ ಪ್ರಶ್ನಾರ್ಹ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರವನ್ನು ಮಾರಬಾರದೆಂಬ ನಿಯಮ 2020ರಲ್ಲಿಯೇ ಬಂದಿದೆ. ಅದು ಎಷ್ಟು ಶಾಲೆಗಳ ಮುಂದೆ ಪಾಲನೆಯಾಗುತ್ತಿದೆ ಎಂಬುದನ್ನು ಓದುಗರು ತಮ್ಮ ಊರಿನಲ್ಲಿಯೇ ನೋಡಿ ತಿಳಿದುಕೊಳ್ಳಬಹುದು. ಚಿಲಿ ದೇಶವು 2016ರಿಂದ ಇಂತಹ ಪೊಟ್ಟಣಗಳ ಮುಂಭಾಗದಲ್ಲಿಯೇ ಕಪ್ಪು ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯಗೊಳಿಸಿದೆ. ನಮ್ಮ ಪ್ರಾಧಿಕಾರವು 2022ರ ಕರಡಿನಲ್ಲಿ ಎಚ್ಚರಿಕೆಯ ಬದಲಿಗೆ ನಕ್ಷತ್ರಗಳನ್ನು ಸೂಚಿಸಿತು. ನಕ್ಷತ್ರವೆಂದರೆ ಮಕ್ಕಳ ಪಾಲಿಗೆ ಬಹುಮಾನವಲ್ಲವೇ? 2025ರ ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತು ಮತ್ತು ಚಾಕಲೇಟುಗಳ ಮೇಲಿನ ಜಿಎಸ್‌ಟಿಯನ್ನು 18ರಿಂದ 5 ಶೇಕಡಾಕ್ಕೆ ಇಳಿಸಲಾಯಿತು. ಶಾಲೆಯ ಗೋಡೆಯಲ್ಲಿ ಸಕ್ಕರೆ ಬೇಡವೆಂಬ ಫಲಕ, ಅಂಗಡಿಯಲ್ಲಿ ಅಗ್ಗದ ಬಿಸ್ಕತ್ತು! ಐದು ರೂಪಾಯಿಗೆ ಬಿಸ್ಕತ್ತು ಸಿಗುವಾಗ ಹಣ್ಣನ್ನು ಕೊಳ್ಳಲು ಹಿಂಜರಿಯುವ ಬಡ ತಾಯಿಗೆ ಉಪದೇಶ ಮಾತ್ರ ಸಾಲದು.

ಆದರೆ ಸರಕಾರ ಬದಲಾಗುವವರೆಗೆ ಮಕ್ಕಳ ಬೆಳವಣಿಗೆ ಕಾದು ನಿಲ್ಲುವುದಿಲ್ಲ. ಹಾಗಿದ್ದರೆ ಮಗುವಿಗೆ ಕಲಿಸುವುದು ಹೇಗೆ? ಪ್ರವಾದಿ(ಸ)ರ ಆಶ್ರಯದಲ್ಲಿ ಬೆಳೆಯುತ್ತಿದ್ದ ಉಮರ್ ಬಿನ್ ಅಬೀ ಸಲಮಃ ಎಂಬ ಬಾಲಕನ ಕೈ ಊಟದ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿ(ಸ)ರು ಅವನನ್ನು ಗದರಿಸಲಿಲ್ಲ, ಎಬ್ಬಿಸಿ ಕಳುಹಿಸಲಿಲ್ಲ. ಅಲ್ಲಾಹನ ನಾಮ ಸ್ಮರಿಸಿ, ಬಲಗೈಯಿಂದ, ತನ್ನ ಹತ್ತಿರದಲ್ಲಿರುವುದನ್ನು ತಿನ್ನುವಂತೆ ಹೇಳಿಕೊಟ್ಟರು. ಮುಂದೆ ಬದುಕಿನುದ್ದಕ್ಕೂ ತಾನು ಹಾಗೆಯೇ ಉಂಡೆನೆಂದು ಆ ಬಾಲಕ ದೊಡ್ಡವನಾದ ಮೇಲೆ ಹೇಳಿದ್ದಾರೆ. ಪಾಠ ನಡೆದದ್ದು ಒಂದೇ ತಟ್ಟೆಯ ಸುತ್ತ. ಪಾಠ ಹೇಳಿದವರೂ ಅದೇ ತಟ್ಟೆಯಿಂದ ಉಣ್ಣುತ್ತಿದ್ದರು. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವ ತಂದೆಯ ಉಪದೇಶ ಮಗುವಿನ ಕಿವಿಯಲ್ಲಿ ನಿಲ್ಲದಿರುವುದಕ್ಕೆ ಕಾರಣವೂ ಇದರಲ್ಲೇ ಇದೆ.

ಒಂದು ರಜಾ ದಿನ ಮಕ್ಕಳನ್ನು ಕೂರಿಸಿಕೊಂಡು ತಂಪು ಪಾನೀಯದ ಬಾಟಲಿಯ ಲೇಬಲನ್ನು ಅವರಿಂದಲೇ ಓದಿಸಿರಿ. 100 ಮಿ.ಲೀ.ಗೆ 10 ಗ್ರಾಂ ಎಂದಿದ್ದರೆ 250 ಮಿ.ಲೀ.ಗೆ 25 ಗ್ರಾಂ. ಅಂದರೆ ಸುಮಾರು ಆರು ಚಮಚ. ಅಷ್ಟನ್ನು ಒಂದು ಖಾಲಿ ಲೋಟಕ್ಕೆ ಅವರ ಕೈಯಿಂದಲೇ ಸುರಿಸಿರಿ. ವಯಸ್ಕನೊಬ್ಬನಿಗೆ ಇಡೀ ದಿನಕ್ಕೆ ಅಷ್ಟೇ ಸಾಕು, ಪುಟ್ಟ ಮಗುವಿಗೆ ಅದಕ್ಕಿಂತಲೂ ಕಡಿಮೆ ಎಂದು ತಿಳಿಸಿರಿ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂಬುವು ಸಕ್ಕರೆಯದೇ ವೇಷಗಳೆಂದು ತೋರಿಸಿರಿ. ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿರಿ. ನಾಲಗೆ ಬೇಗನೆ ಹೊಂದಿಕೊಳ್ಳುತ್ತದೆ. ಈದ್‌ನ ಪಾಯಸವನ್ನು, ಮದುವೆಯ ಸಿಹಿಯನ್ನು ಮಗುವಿನಿಂದ ಕಸಿಯಬೇಡಿರಿ. ದಿನನಿತ್ಯದ ಸಿಹಿ ಕಡಿಮೆಯಾದಾಗಲೇ ಹಬ್ಬದ ಸಿಹಿಗೆ ಅರ್ಥ ಬರುವುದು.

ಮದ್ರಸಗಳು ಪಾಠ ಒಪ್ಪಿಸಿದ ಮಗುವಿಗೆ ಮಿಠಾಯಿಯ ಬದಲು ಒಂದು ಪೆನ್ಸಿಲು ಕೊಡಲಿ. ಜಮಾಅತ್‌ಗಳು ಮಸೀದಿಯ ಇಫ್ತಾರ್‌ನಲ್ಲಿ ಬಣ್ಣದ ಶರಬತ್ತಿನ ಬದಲು ನೀರು, ಮಜ್ಜಿಗೆ, ಹಣ್ಣು ಇಡಲಿ. ಖತೀಬರು ವರ್ಷಕ್ಕೊಂದು ಜುಮಾ ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಹೊಟ್ಟೆಯ ಮೂರನೇ ಒಂದು ಭಾಗವನ್ನು ಆಹಾರಕ್ಕೆ, ಒಂದು ಭಾಗವನ್ನು ನೀರಿಗೆ, ಒಂದು ಭಾಗವನ್ನು ಉಸಿರಿಗೆ ಬಿಡಲು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳಿಗೆ ಇದು ಹೊರಗಿನ ವಿಷಯವಲ್ಲ.

ಏಳೆಂಟು ವರ್ಷದ ಮಗು ರಮಝಾನ್‌ನಲ್ಲಿ ಹಟ ಹಿಡಿದು ಉಪವಾಸ ಆಚರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಬಾಯಾರಿದರೂ ನೀರು ಮುಟ್ಟದ ಆ ಮಗುವಿಗೆ ಒಂದು ಬಿಸ್ಕತ್ತನ್ನು ಬೇಡವೆನ್ನುವ ಶಕ್ತಿಯಿಲ್ಲವೇ? ಶಕ್ತಿ ಮಗುವಿನಲ್ಲಿದೆ. ಕೊರತೆಯಿರುವುದು ನಮ್ಮಲ್ಲಿ. ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್. ಅವರ ದೇಹವೂ ಆ ಅಮಾನತ್‌ನ ಭಾಗವೇ ಆಗಿದೆ.