‘ಬೋರ್ಡ್ ಹೋಗೇತಿ’ ಅನ್ನೋ ಮೊದಲು

ಹೋದ ವರ್ಷ ಜುಲೈ ಕೊನೆಯ ವಾರ. ಮುಂಗಾರಿನ ಬೆಳೆ ವಿಮೆ ತುಂಬಲು ನಾಲ್ಕೇ ದಿನ ಉಳಿದಿದ್ದವು. ಕರ್ಜಗಿಯಲ್ಲಿ ನನ್ನ ಚಿಕ್ಕಪ್ಪನ ಮಗ ನಡೆಸುವ ಝೆರಾಕ್ಸ್ ಅಂಗಡಿ ಮುಂದೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದ ರೈತರ ಸಾಲು. ಒಳಗಿದ್ದ ಕಂಪ್ಯೂಟರ್‌ನ ಫ್ಯಾನ್ ತಿರುಗುತ್ತಿತ್ತು, ಮುಂದಿನ ದೀಪ ಹತ್ತಿತ್ತು. ಪರದೆ ಮಾತ್ರ ಕರ್ರಗೆ.

ಹಿಂದಿನ ದಿನದವರೆಗೂ ಅದು ನಡೆಯುತ್ತಿತ್ತು. ನಿಧಾನ ಅನ್ನುವುದೊಂದೇ ತಕರಾರು. ‘ಸಂರಕ್ಷಣೆ’ ಪೋರ್ಟಲ್ ತೆರೆದು, ಪಕ್ಕದಲ್ಲಿ ಪಹಣಿಯ ಪುಟ ತೆರೆದರೆ ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. 2 ಜಿಬಿ ರ‍್ಯಾಮ್ ಸಾಲದು ಎಂದು ಅವನು 4 ಜಿಬಿಯ ಹಳೆಯ ಕಡ್ಡಿಯೊಂದನ್ನು 700 ರೂಪಾಯಿಗೆ ತಂದು ತಾನೇ ಹಾಕಿದ. ಮಷೀನ್ ಚಾಲೂ ಆಗಲಿಲ್ಲ. ಗಾಬರಿಯಾಗಿ ಹೊಸದನ್ನು ತೆಗೆದು, ಮೊದಲಿದ್ದದ್ದನ್ನೇ ಹಾಕಿದ. ಆಗಲೂ ಇಲ್ಲ. ಬೈಕಿನ ಮೇಲೆ ಹಾವೇರಿಗೆ ಒಯ್ದ. ಅಂಗಡಿಯವರು ಐದು ನಿಮಿಷ ನೋಡಿ, ‘ಬೋರ್ಡ್ ಹೋಗೇತ್ರಿ. ಹಳೇದು ಹಾಕಿದ್ರ ಮೂರೂವರಿ ಸಾವಿರ, ಹೊಸಾ ಸೆಟ್ ಅಂದ್ರ ಹನ್ನೆರಡು’ ಎಂದರು. ಅವನು ಡಬ್ಬಿ ಹೊತ್ತು ವಾಪಸ್ ಬಂದು ನನಗೆ ಫೋನ್ ಮಾಡಿದ: ‘ಅಣ್ಣಾ, ನಾನs ಕೈಯಾರೆ ಕೆಡಿಸಿದ್ನೇನೋ.’

ಈ ‘ಬೋರ್ಡ್ ಹೋಗೇತಿ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ನಮ್ಮ ಹೊಲದಲ್ಲಿ ಬೋರ್‌ವೆಲ್ ಮೋಟಾರು ಚಾಲೂ ಆಗದಿದ್ದರೆ ಯಾರಾದರೂ ಮೊದಲಿಗೇ ‘ಮೋಟಾರ್ ಸುಟ್ಟೈತಿ, ಮೇಲಕ್ಕೆ ಎತ್ರಿ’ ಅನ್ನುತ್ತಾರೆಯೇ? ಅಂದರೆ ನಾವು ಸುಮ್ಮನೆ ಕೇಳುತ್ತೇವೆಯೇ? ಪೈಪು ಎತ್ತುವ ಗಾಡಿ, ಕೂಲಿ, ರಿವೈಂಡಿಂಗ್ ಖರ್ಚು ಎಲ್ಲ ಗೊತ್ತಿರುವುದರಿಂದ ಮೊದಲು ಮೂರೂ ಫೇಸ್ ಬಂದಿವೆಯೇ ನೋಡುತ್ತೇವೆ. ಫ್ಯೂಸ್ ನೋಡುತ್ತೇವೆ. ಸ್ಟಾರ್ಟರ್ ಬಿಚ್ಚಿ ಇರುವೆ ಸತ್ತು ಕಾಂಟ್ಯಾಕ್ಟಿಗೆ ಅಂಟಿದೆಯೇ ಎಂದು ಊದುತ್ತೇವೆ. ಎಲ್ಲ ಮುಗಿದ ಮೇಲೆಯೇ ಪೈಪಿಗೆ ಕೈ. ಓದು ಬರೆಹ ಬಾರದ ನಮ್ಮ ದೊಡ್ಡಪ್ಪನಿಗೂ ಈ ಕ್ರಮ ಬಾಯಿಪಾಠ. ಅದೇ ಊರು ಕಂಪ್ಯೂಟರ್ ಡಬ್ಬಿಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತದೆ.

ಅವತ್ತು ನಾವು ಮಾಡಿದ್ದೂ ಸ್ಟಾರ್ಟರ್ ಡಬ್ಬಿ ಬಿಚ್ಚುವ ಕೆಲಸವನ್ನೇ. ಮೊದಲು ಪವರ್ ಕೇಬಲ್ ಕಿತ್ತು, ಚಾಲೂ ಮಾಡುವ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಒಳಗೆ ಉಳಿದ ಕರೆಂಟ್ ಇಳಿಸಿದೆವು. ಮೈಯಲ್ಲಿನ ಸ್ಥಾಯೀ ವಿದ್ಯುತ್ ಚಿಪ್ಪಿಗೆ ಹೊಡೆಯದಿರಲಿ ಎಂದು ಡಬ್ಬಿಯ ಬರಿ ಲೋಹವನ್ನು ಮುಟ್ಟಿದೆವು. ಆಮೇಲೆ ಎರಡೂ ರ‍್ಯಾಮ್ ಕಡ್ಡಿ ಹೊರಗೆ ತೆಗೆದೆವು. ಒಂದೂ ಇಲ್ಲದೆ ಮಷೀನ್ ಚಾಲೂ ಮಾಡಿದರೆ ಏನಾಗುತ್ತದೆ? ಬೋರ್ಡು, ಪ್ರೊಸೆಸರ್ ಎರಡೂ ಜೀವಂತ ಇದ್ದರೆ ‘ನನಗೆ ಮೆಮೊರಿ ಸಿಗುತ್ತಿಲ್ಲ’ ಎಂದು ಅದು ಬೀಪ್ ಬೀಪ್ ಎಂದು ಕೂಗುತ್ತದೆ. ಕೂಗಲು ಬೋರ್ಡಿಗೆ ಒಂದು ಸಣ್ಣ ಸ್ಪೀಕರ್ ಸಿಕ್ಕಿಸಿರಬೇಕು, ಅಷ್ಟೇ. ಚಿಲ್ಲರೆ ದುಡ್ಡಿನ ಆ ಸ್ಪೀಕರನ್ನು ಜೋಡಿಸುವವರು ಎಷ್ಟೋ ಸಲ ಹಾಕಿರುವುದೇ ಇಲ್ಲ. ಅವನ ಮಷೀನಿನಲ್ಲೂ ಇರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಕೆಟ್ಟ ಮಷೀನೊಂದರಿಂದ ಕಿತ್ತು ಹಾಕಿದೆವು.

ಬಟನ್ ಒತ್ತಿದೆವು. ಉದ್ದನೆಯ ಬೀಪ್. ಮತ್ತೊಂದು. ಮಗದೊಂದು. ಹೊರಗೆ ಕೂತಿದ್ದ ಹಿರಿಯರೊಬ್ಬರು ‘ಏನಪಾ, ಒದರಾಕ ಹತ್ತೇತಲ್ಲ?’ ಎಂದರು. ಒದರುತ್ತಿದೆ ಅಂದರೆ ಬೋರ್ಡು ಹೋಗಿಲ್ಲ.

ಹಾಗಾದರೆ ಹಳೆಯ ಕಡ್ಡಿ ಹಾಕಿದರೂ ಯಾಕೆ ಬರಲಿಲ್ಲ? ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದರೆ ಮಸಿ ಹಿಡಿದ ಹಾಗಿತ್ತು. ವರ್ಷಗಟ್ಟಲೆ ಅಲುಗದೆ ಕೂತಿದ್ದ ಕಡ್ಡಿ ಅದು, ಒಮ್ಮೆ ಎತ್ತಿ ಮತ್ತೆ ಕೂರಿಸಿದಾಗ ಸ್ಲಾಟಿನ ಧೂಳಿನ ಮೇಲೆ ಕೂತಿತ್ತು. ಗೋವಿನಜೋಳ ಒಕ್ಕುವ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಏಳುವ ಧೂಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಶಾಲೆಯ ಹುಡುಗನ ಪೆನ್ಸಿಲ್ ರಬ್ಬರಿನಿಂದ ಹಲ್ಲನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಬ್ರಷ್‌ನಿಂದ ಸ್ಲಾಟ್ ಸ್ವಚ್ಛ ಮಾಡಿ, ಎರಡೂ ಬದಿಯ ಕೊಂಡಿ ‘ಟಕ್’ ಅನ್ನುವವರೆಗೆ ಒತ್ತಿದೆವು. ಹಿಂದಿನ ಸಲ ಅವನು ಒತ್ತಿದ್ದು ಒಂದೇ ಬದಿ. ಮುರಿದೀತು ಎಂಬ ಹೆದರಿಕೆ. ಈ ಸಲ ಪರದೆ ಬೆಳಗಿತು.

ಹೊಸ ಕಡ್ಡಿಯ ಕಥೆ ಬೇರೆ. ಅದನ್ನು ಒಂದನ್ನೇ ಹಾಕಿದರೆ ಎರಡೂ ಸ್ಲಾಟಿನಲ್ಲಿ ಬೀಪ್. ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಕಡೆ ಜೋಡಿಸಿ ಮಾರಿದ ಮಷೀನುಗಳಲ್ಲಿ ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡುಗಳು ಬಹಳ. ಇವನದೂ ಅದೇ. 4 ಜಿಬಿಯ ಡಿಡಿಆರ್3 ಕಡ್ಡಿಯನ್ನು ಎರಡು ರೀತಿ ಮಾಡುತ್ತಾರೆ: 2 ಗಿಗಾಬಿಟ್‌ನ 16 ಚಿಪ್ ಕೂರಿಸಿ, ಇಲ್ಲವೇ 4 ಗಿಗಾಬಿಟ್‌ನ 8 ಚಿಪ್ ಕೂರಿಸಿ. ಜಿ41ಗೆ ಮೊದಲನೆಯದು ಅರ್ಥವಾಗುತ್ತದೆ, ಎರಡನೆಯದು ಆಗುವುದಿಲ್ಲ. ಮೇಲಿನ ಚೀಟಿಯಲ್ಲಿ ಎರಡಕ್ಕೂ ‘4 ಜಿಬಿ ಡಿಡಿಆರ್3’ ಅಂತಲೇ ಬರೆದಿರುತ್ತದೆ. ಚಿಪ್ ಎಣಿಸಿ ನೋಡಬೇಕು. ಡಿಡಿಆರ್4 ಆದರೆ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಡಿಡಿಆರ್3 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಆದರೆ ‘ಕೂತಿತಂದ್ರ ನಡೀತೈತಿ’ ಅನ್ನುವ ಲೆಕ್ಕ ಇಲ್ಲಿ ಸುಳ್ಳಾಯಿತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಡಿಡಿಆರ್3 ಕಡ್ಡಿಗಳು ಎಎಮ್‌ಡಿ ಬೋರ್ಡಿಗೆ ಮಾತ್ರ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದೂ ಇದೇ ಜಾತಿಯ ಮೋಸ ಎಂದೇ ನನ್ನ ಅಭಿಪ್ರಾಯ.

ಅಂದರೆ ದೋಷ ಎರಡಿದ್ದವು, ಒಂದರ ಹಿಂದೆ ಒಂದು ಅಡಗಿದ್ದವು. ಅದಕ್ಕೇ ‘ಹಳೇದು ಹಾಕಿದ್ರೂ ಬರವಲ್ದು, ಬೋರ್ಡೇ ಹೋಗೇತಿ’ ಎಂಬ ತೀರ್ಮಾನ ಸರಿಯೆನಿಸಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೇ ಕಡ್ಡಿ, ಒಂದೇ ಸ್ಲಾಟ್ ಎಂದು ಹೋದರೆ ಮಾತ್ರ ಇವೆರಡು ಬೇರೆಯಾಗುತ್ತವೆ. ಅಷ್ಟಕ್ಕೆ ನಮಗೆ ಹಿಡಿದದ್ದು ಮುಕ್ಕಾಲು ತಾಸು.

ಆ ಮುಕ್ಕಾಲು ತಾಸಿನ ಬೆಲೆ ಯಾರು ಕೊಡಬೇಕು? ಇಲ್ಲಿ ನಾನು ರಿಪೇರಿಯವರನ್ನಷ್ಟೇ ಬೈಯಲಾರೆ. ಅವರು ತಾಸುಗಟ್ಟಲೆ ಹುಡುಕಿ, ರಬ್ಬರ್ ಉಜ್ಜಿ ಸರಿ ಮಾಡಿಕೊಟ್ಟರೆ ನಾವು ಏನನ್ನುತ್ತೇವೆ? ‘ಬರೇ ರಬ್ಬರ್ ತಿಕ್ಕಿದ್ದಕ್ಕ ಮುನ್ನೂರು ರೂಪಾಯಿ ಏನ್ರಿ?’ ಹೊಸ ಬೋರ್ಡ್ ಹಾಕಿದರೆ ಮಾತ್ರ ಬಿಲ್ಲಿಗೆ ತಕರಾರಿಲ್ಲ. ಸಾಮಾನಿಗೆ ದುಡ್ಡು ಕೊಡುತ್ತೇವೆ, ನೋಡಿದ ಕಣ್ಣಿಗೆ ಕೊಡುವುದಿಲ್ಲ. ಅವರು ಸಾಮಾನು ಮಾರಲು ಕಲಿತದ್ದು ನಮ್ಮಿಂದಲೇ. ಸರಿಹೋಗಲಿ ಬಿಡಲಿ, ನೋಡುವ ಕೂಲಿ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬದಲಾಗಿ ಬೋರ್ಡು ಹೋಗಿದೆ ಎನ್ನುವವರು ರ‍್ಯಾಮ್ ಇಲ್ಲದೆ ಚಾಲೂ ಮಾಡಿ ನಮ್ಮೆದುರಿಗೆ ತೋರಿಸಲಿ, ತೆಗೆದ ಸಾಮಾನನ್ನು ನಮ್ಮ ಕೈಗೆ ಕೊಡಲಿ.

ಇನ್ನು ನಮ್ಮ ಶಾಲೆ, ಪಂಚಾಯ್ತಿಗಳ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಮಷೀನುಗಳಿವೆ. ಅವುಗಳಲ್ಲಿ ಎಷ್ಟಕ್ಕೆ ಬೇಕಾಗಿದ್ದು ಒಂದು ರಬ್ಬರ್, ಒಂದು ಹೊಸ ಸಿಆರ್2032 ಬ್ಯಾಟರಿ ಮಾತ್ರವೋ! ಸರ್ಕಾರಿ ಸಾಮಾನು, ಬಿಚ್ಚಿದರೆ ಯಾರು ಹೊಣೆ ಎಂಬ ಭಯಕ್ಕೆ ಯಾರೂ ಬಿಚ್ಚುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು, ಗುಜರಿಗೆ ಹಾಕಲು ಇನ್ನೊಂದು ನೆಪ ಸಿಕ್ಕಿತು. ಇತ್ತ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದೆ. ಹೊಸದು ಕೊಳ್ಳುವುದು ಕಷ್ಟವಾದಷ್ಟೂ ಹಳೆಯದನ್ನು ಸುಮ್ಮನೆ ಎಸೆಯುವುದು ದುಬಾರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬಟನ್ ಒತ್ತಿದರೆ ಫ್ಯಾನೂ ತಿರುಗದಿದ್ದರೆ ಅದು ರ‍್ಯಾಮಿನ ಮಾತಲ್ಲ, ಎಸ್‌ಎಂಪಿಎಸ್ ಕಡೆ ನೋಡಬೇಕು. ಆ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಅವತ್ತು ರಾತ್ರಿ ಹತ್ತರವರೆಗೆ ಹಳೆಯ 2 ಜಿಬಿಯಲ್ಲೇ ಅರ್ಜಿ ತುಂಬಿದ. ಮುಂದಿನ ವಾರ ಆ ಕಡ್ಡಿ ಕೊಟ್ಟು 16 ಚಿಪ್ಪಿನದು ತಂದ. ಹಾಕಿದಾಗ ಒಟ್ಟು 6 ಜಿಬಿ ಬಂತು. ಆದರೆ ಅವನ ವಿಂಡೋಸ್ 32 ಬಿಟ್‌ನದು, ಬಳಸಲು ಕೊಟ್ಟಿದ್ದು ಮೂರು ಚಿಲ್ಲರೆ ಜಿಬಿ ಮಾತ್ರ. ‘64 ಬಿಟ್ ಹಾಕೋಣ್ವಾ?’ ಎಂದೆ. ಅವನು ಹೊರಗಿನ ಸಾಲನ್ನು ನೋಡಿ, ‘ಈಗ ಬ್ಯಾಡೋ ಅಣ್ಣಾ, ನಡದೈತಿ, ನಡೀಲಿ’ ಎಂದ.