ನಮ್ಮ ಮನೆಯವರು ಅಂಥವರಲ್ಲ

ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಾಗ ನಮ್ಮ ದೊಡ್ಡಮ್ಮ ಯಾರಿಗೂ ಹೇಳಲಿಲ್ಲ. ನಾಚಿಕೆ. ಡಾಕ್ಟರ ಮುಂದೆ ಬಾಯಿಬಿಡುವ ಹೊತ್ತಿಗೆ ಗರ್ಭಕಂಠದ ಕ್ಯಾನ್ಸರ್ ಮೂತ್ರಕೋಶದವರೆಗೂ ಹಬ್ಬಿತ್ತು. ಅವಳು ಸತ್ತಾಗ ಎಲ್ಲರೂ ಹಣೆಬರಹ ಎಂದರು. ನಾನು ಒಪ್ಪುವುದಿಲ್ಲ.

ಮೊನ್ನೆ ಅಕ್ಕನ ಹನ್ನೊಂದು ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸೋಣ ಎಂದೆ. "ಮದುವೆಯಾಗದ ಹುಡುಗಿಗೆ ಅದ್ಯಾಕೆ? ನಮ್ಮ ಮನೆಯವರು ಅಂಥವರಲ್ಲ. ಪಿಎಚ್‌ಡಿ ತಲೆಗೇರಿದೆ ನಿನಗೆ" ಎಂದರು ಮಾವ.

ದೊಡ್ಡಮ್ಮ 'ಅಂಥವಳು' ಆಗಿದ್ದಳೇ ಮಾವ? ದೊಡ್ಡಪ್ಪನ ಶೀಲದ ಬಗ್ಗೆಯೂ ನಾನು ಕೇಳುತ್ತಿಲ್ಲ. ಈ ವೈರಸ್ ಎಷ್ಟು ಸಾಮಾನ್ಯವೆಂದರೆ ಬದುಕಿನಲ್ಲಿ ಒಬ್ಬನೇ ಸಂಗಾತಿಯಿದ್ದರೂ ತಗುಲಬಹುದು. ಸೋಂಕು ತಾಕುವ ಮೊದಲೇ ಹಾಕಿದರೆ ಲಸಿಕೆಯ ಫಲ ಹೆಚ್ಚು. 9ರಿಂದ 14ರ ವಯಸ್ಸು ಅದಕ್ಕಾಗಿ, ನಡತೆ ಅಳೆಯಲಿಕ್ಕಲ್ಲ.

ಲಸಿಕೆಯ ಜಗಳದಲ್ಲಿ ನಾವು ತಾಯಂದಿರನ್ನೂ ಮರೆತಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಈ ತಪಾಸಣೆ ಕಂಡವರು ಇಬ್ಬರೂ ಇಲ್ಲ. ಇದೇನು ದುಬಾರಿ ಯಂತ್ರದ ಕೆಲಸವಲ್ಲ. ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಸವರಿ, ಬೆಳ್ಳಗಾದ ಜಾಗ ಗುರುತಿಸುವುದು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ನಡೆಸಿದ ಅಧ್ಯಯನದಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಕಾರ್ಯಕರ್ತೆಯರೇ ಇದನ್ನು ಮಾಡಿದರು. ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ತಗ್ಗಿತು.

ಹಾಗಾಗಿ ಮಗಳಿಗೆ ಲಸಿಕೆ, ಅಕ್ಕನಿಗೆ ತಪಾಸಣೆ. ಇಬ್ಬರನ್ನೂ ಒಂದೇ ದಿನ ಕರೆದೊಯ್ಯುತ್ತೇನೆ. ಮಾವ ಬೇಕಾದರೆ ಮಾತು ಬಿಡಲಿ. ಮಾತಾಡದೆ ಸತ್ತವಳೊಬ್ಬಳು ನಮ್ಮ ಮನೆಯಲ್ಲಿ ಆಗಲೇ ಇದ್ದಾಳೆ.