ಐಬಿಯಲ್ಲಿ 32 ಪಾಯಿಂಟ್ ಸಾಕಾ? ಉತ್ತರ ಇರುವುದು ಬೇರೆ ಕಡೆ

ಜುಲೈ ಮೊದಲ ವಾರ ಐಬಿ ಡಿಪ್ಲೊಮಾ ಫಲಿತಾಂಶ ಬರುತ್ತದೆ. ಗಲ್ಫ್‌ನಲ್ಲಿ ದುಡಿಯುವ ಕಾಸರಗೋಡು, ಮಂಗಳೂರು ಕಡೆಯ ಕೆಲವು ಕುಟುಂಬಗಳ ಮಕ್ಕಳೂ ಈಗ ಐಬಿ ಶಾಲೆಗಳಲ್ಲಿದ್ದಾರೆ. 32 ಪಾಯಿಂಟ್ ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ಇಷ್ಟು ಸಾಕಾ?

ಲೆಕ್ಕ ಹೀಗಿದೆ. ಆರು ವಿಷಯ, ತಲಾ 7 ಪಾಯಿಂಟ್, ಒಟ್ಟು 42. ದೀರ್ಘ ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ ಸೇರಿ 3. ಹೀಗೆ ಗರಿಷ್ಠ 45. ಪಾಸಾಗಲು ಕನಿಷ್ಠ 24 ಬೇಕು. ವಿಶ್ವದ ಸರಾಸರಿಯೇ ಸುಮಾರು 30. ಅಂದರೆ 32 ಕಳಪೆ ಅಂಕ ಅಲ್ಲವೇ ಅಲ್ಲ.

ಆದರೆ ಆಕ್ಸ್‌ಫರ್ಡ್ ಸಾಮಾನ್ಯವಾಗಿ 38ರಿಂದ 40, ಕೇಂಬ್ರಿಡ್ಜ್ 41ರಿಂದ 42 ಕೇಳುತ್ತವೆ. ಅದರ ಜೊತೆ ಹೈಯರ್ ಲೆವೆಲ್ ವಿಷಯಗಳಲ್ಲಿ 6, 7 ಬೇಕು. 32ಕ್ಕೆ ಆ ಬಾಗಿಲು ತೆರೆಯುವುದು ಕಷ್ಟ. ಹಾಗಂತ ಬ್ರಿಟನ್ ಅಷ್ಟಕ್ಕೇ ಮುಗಿಯುವುದಿಲ್ಲ. 30ರ ಆಸುಪಾಸಿನಲ್ಲಿ ಸೀಟು ಕೊಡುವ ಕೋರ್ಸ್‌ಗಳು ಅಲ್ಲಿ ಬೇಕಾದಷ್ಟಿವೆ.

ಊರಿಗೆ ಮರಳಿ ಓದುವವರ ಕಥೆಯೇ ಬೇರೆ. ಭಾರತದಲ್ಲಿ ಐಬಿ ಡಿಪ್ಲೊಮಾಕ್ಕೆ ಹನ್ನೆರಡನೇ ತರಗತಿಗೆ ಸಮಾನ ಎಂಬ ಮಾನ್ಯತೆ ಇದೆ. ಆದರೆ ವೈದ್ಯಕೀಯ ಸೀಟು ನಿರ್ಧರಿಸುವುದು ನೀಟ್ ರ‍್ಯಾಂಕ್. ಎನ್‌ಐಟಿಗೆ ಜೆಇಇ, ದೆಹಲಿ ವಿವಿಯ ಪದವಿಗೆ 2022ರಿಂದ ಸಿಯುಇಟಿ. ಇಲ್ಲಿ ಐಬಿಯ 32 ಆಗಲಿ 42 ಆಗಲಿ, ಅದೊಂದರಿಂದಲೇ ಸೀಟು ಸಿಗುವುದಿಲ್ಲ.

ಹೆಚ್ಚಿನ ಪೋಷಕರು ಎಡವುವುದು ಅಂಕದಲ್ಲಲ್ಲ, ವಿಷಯದ ಆಯ್ಕೆಯಲ್ಲಿ. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಓದಿರಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಿ ಇವುಗಳಲ್ಲಿ ಎರಡಕ್ಕೆ ಮಾತ್ರ ಜಾಗ. ಮೂರನ್ನೂ ತೆಗೆದುಕೊಳ್ಳಬೇಕಾದರೆ ಶಾಲೆಯ ಮೂಲಕ ಮೊದಲೇ ವಿಶೇಷ ಅನುಮತಿ ಪಡೆಯಬೇಕು. ಇದು ಗೊತ್ತಿಲ್ಲದೆ ಭೌತಶಾಸ್ತ್ರ ಬಿಟ್ಟ ವಿದ್ಯಾರ್ಥಿ 40 ತೆಗೆದರೂ ಡಾಕ್ಟರ್ ಆಗುವ ದಾರಿಯಲ್ಲಿ ಸಿಕ್ಕಿಬೀಳುತ್ತಾನೆ. ಎಂಜಿನಿಯರಿಂಗ್‌ಗೂ ಅಷ್ಟೇ: ಐಬಿಯ ಎರಡು ಬಗೆಯ ಗಣಿತದಲ್ಲಿ ಯಾವುದು, ಯಾವ ಲೆವೆಲ್ ಎಂದು ಹಲವು ವಿದೇಶಿ ವಿವಿಗಳು ನೋಡುತ್ತವೆ.

ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಫಲಿತಾಂಶದ ದಿನ ಅಲ್ಲ, ಹನ್ನೊಂದನೇ ತರಗತಿಗೆ ಫೀಸು ಕಟ್ಟುವ ಮೊದಲು. ಯಾವ ದೇಶ, ಯಾವ ಕೋರ್ಸ್, ಅದಕ್ಕೆ ಯಾವ ವಿಷಯ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟು, ಆ ವಿವಿಯ ಪ್ರವೇಶ ನಿಯಮ ತೆರೆದು ಓದಬೇಕು. ಶಾಲೆಯ ಕೌನ್ಸೆಲರ್ ಹೇಳಿದರು ಅಂತ ಸುಮ್ಮನಿದ್ದರೆ ಸಾಲದು. ಸರಿಯಾದ ವಿಷಯ ಓದಿದ 32ಕ್ಕೆ ಹಲವು ದಾರಿಗಳಿವೆ. ತಪ್ಪು ವಿಷಯ ಆರಿಸಿದ 40ಕ್ಕೆ ಬೇಕಾದ ದಾರಿಯೇ ಮುಚ್ಚಿರಬಹುದು.